ಬೆಲೆಯೊಳಗೆ ಅಡಗಿದ ತೆರಿಗೆ

ನಮ್ಮ ಬಡಾವಣೆಯ ಸಣ್ಣ ವಾಚನಾಲಯಕ್ಕೆ ಕೋಶಾಧಿಕಾರಿಯೆಂಬ ಹೆಸರನ್ನು ಹೊತ್ತ ತಪ್ಪಿಗೆ, ಈಚೆಗೆ ಅಲ್ಲಿಗೊಂದು ಸೀಲಿಂಗ್ ಫ್ಯಾನನ್ನು ಕೊಂಡು ತಂದು, ಅದರ ಲೆಕ್ಕವನ್ನು ಸಭೆಯ ಮುಂದಿಡುವ ಕೆಲಸ ನನ್ನ ಪಾಲಿಗೆ ಬಂದಿತು. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ‘ತೆರಿಗೆ ಸೇರಿ ರೂ. 2,360’ ಎಂಬ ಒಂದೇ ಸಾಲಿತ್ತು. ನಮ್ಮ ಲೆಕ್ಕದ ಪುಸ್ತಕದಲ್ಲಿಯಾದರೋ ಬೆಲೆಗೊಂದು ಅಂಕಣ, ತೆರಿಗೆಗೊಂದು ಅಂಕಣ. ಫ್ಯಾನಿಗೆ ನೂರಕ್ಕೆ ಹದಿನೆಂಟರ ತೆರಿಗೆಯೆಂಬಷ್ಟನ್ನು ಬಲ್ಲ ನಾನು, 2,360ಕ್ಕೆ ಶೇಕಡ 18 ಎಷ್ಟೆಂದು ಕ್ಯಾಲ್ಕುಲೇಟರಿನಲ್ಲಿ ಒತ್ತಿ, ಬಂದ 424 ರೂಪಾಯಿ 80 ಪೈಸೆಯನ್ನು ತೆರಿಗೆಯೆಂದೂ ಉಳಿದ 1,935 ರೂಪಾಯಿ 20 ಪೈಸೆಯನ್ನು ಬೆಲೆಯೆಂದೂ ಬರೆದು ನಿಶ್ಚಿಂತನಾದೆ. ಸಭೆಯಲ್ಲಿದ್ದ ನಿವೃತ್ತ ಗಣಿತದ ಮೇಷ್ಟರು ಕನ್ನಡಕವನ್ನು ಹಣೆಗೇರಿಸಿ, “ಸ್ವಾಮಿ, ನಿಮ್ಮ 1,935ಕ್ಕೆ ಹದಿನೆಂಟು ಪರ್ಸೆಂಟ್ ಕೂಡಿಸಿ ನೋಡಿ, 2,360 ಬರುತ್ತದೆಯೆ?” ಎಂದರು. ಬರಲಿಲ್ಲ, 2,283 ರೂಪಾಯಿ 54 ಪೈಸೆಗೆ ನಿಂತುಹೋಯಿತು.

ತೆರಿಗೆಯನ್ನು ವಿಧಿಸುವುದು ಮೂಲಬೆಲೆಯ ಮೇಲೆಯೇ ಹೊರತು, ಮೂಲಬೆಲೆಯೂ ತೆರಿಗೆಯೂ ಕೂಡಿ ಆದ ಮೊತ್ತದ ಮೇಲಲ್ಲ. ನೂರು ರೂಪಾಯಿಯ ಸರಕು ಹದಿನೆಂಟು ರೂಪಾಯಿಯ ತೆರಿಗೆಯನ್ನು ಮೈಗೂಡಿಸಿಕೊಂಡು 118 ಆಗುವುದರಿಂದ, ಕೈಯಲ್ಲಿರುವ ಒಟ್ಟು ಹಣವನ್ನು 118 ಪಾಲು ಮಾಡಿ, ಅದರಲ್ಲಿ 18 ಪಾಲನ್ನು ಬೇರೆಯಿಟ್ಟರೆ ತೆರಿಗೆ ಸಿಕ್ಕಿತು. ನನ್ನ ಫ್ಯಾನಿನಲ್ಲಿ ಪಾಲೊಂದಕ್ಕೆ 20 ರೂಪಾಯಿ. ತೆರಿಗೆ 360, ಬೆಲೆ 2,000. ದರ ಶೇಕಡ 5 ಆದರೆ ಒಟ್ಟು ಹಣದ ಇಪ್ಪತ್ತೊಂದನೆಯ ಒಂದು ಪಾಲು ತೆರಿಗೆ. ಶೇಕಡ 40 ಆದರೆ ಏಳರಲ್ಲಿ ಎರಡು ಪಾಲು. 2017ರ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳಲ್ಲಿ 35ನೆಯದು ಹೇಳುವುದೂ ಈ ಸೂತ್ರವನ್ನೇ. ಇದು ಹೊಸ ವಿದ್ಯೆಯೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವಿವರಿಸಿದ ತ್ರೈರಾಶಿಕವೇ ಇದಕ್ಕೆ ಸಾಕು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು. ಅಂತಹ ನಾಡಿನಲ್ಲಿ, ಪದವೀಧರನೆನಿಸಿದ ನಾನು ಫ್ಯಾನಿನ ಚೀಟಿಯೊಂದಕ್ಕೆ ಮುಗ್ಗರಿಸಿದೆನೆಂಬುದು ಹೇಳಿಕೊಳ್ಳತಕ್ಕ ವಿಷಯವಲ್ಲವಾದರೂ, ಹೇಳಿಕೊಳ್ಳದೆ ಮುಂದಿನ ಮಾತಿಗೆ ಬರುವಂತಿಲ್ಲ.

ಈ ಮುಗ್ಗರಿಕೆ ನನ್ನೊಬ್ಬನದಲ್ಲವೆಂಬುದು 2025ರ ಸೆಪ್ಟೆಂಬರ್ 22ರಂದು ತೆರಿಗೆಯ ದರಗಳು ಇಳಿದಾಗ ಬೀದಿಬೀದಿಯಲ್ಲಿ ಪ್ರಕಟವಾಯಿತು. ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟುಗಳ ತೆರಿಗೆ 18ರಿಂದ 5ಕ್ಕೆ ಬಂದಿತು. ಹದಿಮೂರು ಕಡಿಮೆಯಾಯಿತೆಂದು ಕೇಳಿದ ಗಿರಾಕಿ, ನೂರು ರೂಪಾಯಿಯ ಎಣ್ಣೆಯ ಸೀಸೆ ಇನ್ನು 87 ರೂಪಾಯಿಗೆ ದೊರೆಯಬೇಕೆಂದು ನಿರೀಕ್ಷಿಸಿದನು. ಆದರೆ ನೂರರೊಳಗಣ ಮೂಲಬೆಲೆ 84 ರೂಪಾಯಿ 75 ಪೈಸೆ. ಅದಕ್ಕೆ ಶೇಕಡ 5 ಸೇರಿದರೆ 88 ರೂಪಾಯಿ 98 ಪೈಸೆ. 89 ಕೇಳಿದ ಅಂಗಡಿಯವನು ಎರಡು ರೂಪಾಯಿ ನುಂಗಿದನೆಂಬ ಅಪವಾದಕ್ಕೆ ನಿಷ್ಕಾರಣವಾಗಿ ಗುರಿಯಾದನು. ಮೊದಲು 25,600 ರೂಪಾಯಿಯಿದ್ದ ದೊಡ್ಡ ಟೀವಿಗೆ ತೆರಿಗೆ 28ರಿಂದ 18ಕ್ಕೆ ಇಳಿದಾಗ ನ್ಯಾಯವಾದ ಬೆಲೆ 23,600. ಹತ್ತು ಪರ್ಸೆಂಟ್ ಎಂದು ಹಿಡಿದವನು 23,040ಕ್ಕೆ ಪಟ್ಟುಹಿಡಿದು ಜಗಳವಾಡಬಹುದು. ಇದಕ್ಕಿಂತ ಕೆಟ್ಟದ್ದೆಂದರೆ, ಬೆಲೆಯನ್ನು ನಿಜವಾಗಿಯೂ ಸಾಕಷ್ಟು ಇಳಿಸದ ವರ್ತಕನೂ ಇದೇ ಗೊಂದಲದ ಮರೆಯಲ್ಲಿ ಸುಖವಾಗಿ ಕುಳಿತಿರಬಲ್ಲನು. ಲೆಕ್ಕ ತಿಳಿಯದ ಗಿರಾಕಿಗೆ ಪ್ರಾಮಾಣಿಕನೂ ವಂಚಕನೂ ಒಂದೇ ಬಣ್ಣದಲ್ಲಿ ಕಾಣುತ್ತಾರೆ.

ತೆರಿಗೆಯನ್ನು ಬೆಲೆಯೊಳಗೇ ಸೇರಿಸಿ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವ ಕ್ರಮ ತಪ್ಪೆಂದು ನಾನು ಹೇಳುವುದಿಲ್ಲ. ‘ಸ್ಥಳೀಯ ತೆರಿಗೆಗಳು ಪ್ರತ್ಯೇಕ’ ಎಂದು ಪೊಟ್ಟಣದ ಮೇಲೆ ಅಚ್ಚಾಗುತ್ತಿದ್ದ ದಿನಗಳಲ್ಲಿ ಆ ‘ಪ್ರತ್ಯೇಕ’ವೆಂಬುದು ಅಂಗಡಿಯವನ ಬಾಯಿಗೆ ಬಂದಷ್ಟು ಆಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಆದರೆ ಆ ಕ್ರಮ ಗಿರಾಕಿಯನ್ನು ಕಾಪಾಡುತ್ತಲೇ ಅವನ ಕಣ್ಣನ್ನೂ ಕಟ್ಟಿತು. ಮಾರಾಟದ ಮೇಲಿನ ತೆರಿಗೆಯಂತೂ ನಿನ್ನೆ ಮೊನ್ನೆಯದಲ್ಲ. 1939ರಲ್ಲಿ ರಾಜಗೋಪಾಲಾಚಾರಿಯವರ ಸರಕಾರ ಮದ್ರಾಸು ಪ್ರಾಂತದಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ತಂದಾಗ, ಆ ಪ್ರಾಂತಕ್ಕೆ ಸೇರಿದ್ದ ಮಂಗಳೂರು ಬಳ್ಳಾರಿಗಳ ವರ್ತಕರಿಗೆ ಅದರ ಬಿಸಿ ಮೈಸೂರಿನವರಿಗಿಂತ ಮೊದಲೇ ತಟ್ಟಿತು. ಮೈಸೂರಿನಲ್ಲಿ ಅಂತಹ ಕಾನೂನು ಬಂದದ್ದು 1948ರಲ್ಲಿ. ಅಂದಿನಿಂದ ಇಂದಿನವರೆಗೆ ತೆರಿಗೆಯ ಹೆಸರು ಬದಲಾಗುತ್ತ ಬಂದಿತಾದರೂ, ಅದನ್ನು ಕೊನೆಗೆ ತೆರುವವನು ಸರಕನ್ನು ಬಳಸುವ ಮನುಷ್ಯನೇ ಎಂಬುದು ಬದಲಾಗಿಲ್ಲ.

ತೆರಿಗೆಯ ಮೊತ್ತವನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ತೋರಿಸಬೇಕೆಂದು ಕೇಂದ್ರದ ಸರಕು ಮತ್ತು ಸೇವಾ ತೆರಿಗೆ ಕಾನೂನಿನ 33ನೆಯ ವಿಧಿ ಹೇಳುತ್ತದೆ. ಅದೇ ಕಾನೂನು, 200 ರೂಪಾಯಿಗಿಂತ ಕಡಿಮೆಯ ವ್ಯಾಪಾರದಲ್ಲಿ ಗಿರಾಕಿ ಕೇಳದಿದ್ದರೆ ಬಿಲ್ಲನ್ನೇ ಕೊಡಬೇಕಾಗಿಲ್ಲವೆಂಬ ಸಡಿಲಿಕೆಯನ್ನೂ ಇಟ್ಟಿದೆ. ಸಣ್ಣ ಅಂಗಡಿಯವನಿಗೆ ಅನುಕೂಲವಾಗಲೆಂದು ಇಟ್ಟ ಸಡಿಲಿಕೆ ಅದು, ಸರಿ. ಆದರೆ ದಿನಗೂಲಿಯವನು ಸಂಜೆ ಕೊಳ್ಳುವ ಸೋಪು, ಬಿಸ್ಕತ್ತು, ಬೀಡಿ ಎಲ್ಲವೂ ಈ 200ರ ಒಳಗೇ ಬರುತ್ತವೆ. ಅವನು ದಿನದಿನವೂ ಸರಕಾರಕ್ಕೆ ತೆರಿಗೆ ಕೊಡುತ್ತಾನೆ, ಒಂದು ದಿನವೂ ಅದನ್ನು ಕಣ್ಣಿನಿಂದ ಕಾಣುವುದಿಲ್ಲ. ತೆರಿಗೆ ಕೊಡುವವರು ನಾವು ಮಾತ್ರವೆಂದು ಆದಾಯ ತೆರಿಗೆ ಕಟ್ಟುವವರು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುವಾಗ ಅವನೂ ತಲೆದೂಗಿ ಒಪ್ಪಿಕೊಳ್ಳುತ್ತಾನೆ.

ನಾನು ಕೇಳುವುದು ದೊಡ್ಡದೇನನ್ನೂ ಅಲ್ಲ. ಪೊಟ್ಟಣದ ಮೇಲೆ ‘ಎಲ್ಲ ತೆರಿಗೆಗಳೂ ಸೇರಿ’ ಎಂಬ ಸಾಲಿನ ಮುಂದೆ, ಸೇರಿದ ತೆರಿಗೆಯ ದರ ಎಷ್ಟೆಂಬ ಒಂದು ಅಂಕಿ. ಅಂಗಡಿಯವನು ಮುದ್ರಿತ ಬೆಲೆಗಿಂತ ಕಡಿಮೆಗೆ ಮಾರಿದರೆ ತೆರಿಗೆಯ ಮೊತ್ತವೂ ಬದಲಾಗುವುದಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ದರ ಬದಲಾಗದೆಂಬುದೇ ಉತ್ತರ. ಸರಕಾರ ದರವನ್ನೇ ಬದಲಿಸಿದರೆ ಏನು ಗತಿ ಎಂದರೆ, 2025ರಲ್ಲಿ ಹಳೆಯ ದಾಸ್ತಾನಿನ ಮೇಲೆ ಹೊಸ ಬೆಲೆಯ ಚೀಟಿಯಂಟಿಸಲು ಅನುಮತಿ ಕೊಟ್ಟವರಿಗೆ ದರದ ಚೀಟಿಯೂ ಭಾರವಾಗಲಾರದು. ಇದರ ಜೊತೆಗೆ, ಶಾಲೆಯ ಮಕ್ಕಳಿಗೆ ಬೆಲೆಗೆ ತೆರಿಗೆ ಕೂಡಿಸುವ ಲೆಕ್ಕವನ್ನು ಕಲಿಸುವಷ್ಟೇ ಶ್ರದ್ಧೆಯಿಂದ, ಕೂಡಿದ್ದನ್ನು ಬಿಡಿಸುವ ಲೆಕ್ಕವನ್ನೂ ಅಂಗಡಿಯ ನಿಜವಾದ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು ಕಲಿಸತಕ್ಕದ್ದು.

ಸಭೆಯ ಮಾತಿಗೆ ಮರಳುವುದಾದರೆ, 424.80 ಎಂಬುದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ 360 ಎಂದು ಬರೆದು, ಪಕ್ಕದಲ್ಲಿ ಸಣ್ಣ ರುಜು ಹಾಕಿದೆ. ಮೇಷ್ಟರು ಅಷ್ಟಕ್ಕೆ ಬಿಡಲಿಲ್ಲ. ಅಂಗಡಿಯ ಚೀಟಿಯನ್ನು ಹಿಂದುಮುಂದು ತಿರುವಿ, “ಇದರಲ್ಲಿ ಜಿಎಸ್‌ಟಿ ನಂಬರೇ ಇಲ್ಲವಲ್ಲ ಸ್ವಾಮಿ, ನಾವು ಕೊಟ್ಟ 360 ಸರಕಾರಕ್ಕೆ ಹೋಯಿತೆಂದು ಹೇಗೆ ಬರೆದಿರಿ? ಮೊದಲು ಸರಿಯಾದ ಬಿಲ್ಲು ತನ್ನಿ” ಎಂದರು. ಆ ಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಫ್ಯಾನು ತಿರುಗುತ್ತಿದೆ, ಬಿಲ್ಲು ಇನ್ನೂ ಬಂದಿಲ್ಲ.