ವಿಜ್ಞಾನದವರಿಗೂ ತರ್ಕಶಾಸ್ತ್ರ ಬೇಕು

ಬಿ.ಎಸ್ಸಿ. ಬಿ.ಇಡಿ. ಓದುತ್ತಿರುವ ನನ್ನಂಥವರಿಗೆ ತರ್ಕಶಾಸ್ತ್ರವೆಂದರೆ ಪಕ್ಕದ ಮನೆಯ ವಿಷಯ. ಪಿಯುಸಿಯಲ್ಲಿ ಅದು ಕಲಾ ವಿಭಾಗದ ಐಚ್ಛಿಕ ವಿಷಯವಾಗಿದೆ. ವಿಜ್ಞಾನದವರು ಆ ಪುಸ್ತಕ ಬಿಚ್ಚುವುದಿಲ್ಲ. ಆದರೆ ಗಣಿತ ಪಾಠಕ್ಕೆ ನಿಂತಾಗ ಮಕ್ಕಳು ಕೇಳುವುದು ಅದನ್ನೇ.

ಹತ್ತನೆಯ ತರಗತಿಯಲ್ಲಿ √2 ಅಭಾಗಲಬ್ಧ ಎಂದು ಸಾಧಿಸಬೇಕು. ಮೊದಲ ಹೆಜ್ಜೆಯೇ ಅದು ಭಾಗಲಬ್ಧ ಎಂದು ಭಾವಿಸುವುದು. ತಿ. ನರಸೀಪುರದ ಅಭ್ಯಾಸ ಬೋಧನೆಯಲ್ಲಿ ಒಬ್ಬ ಹುಡುಗಿ, “ಸುಳ್ಳು ಅಂತ ಗೊತ್ತಿದ್ರೂ ನಿಜ ಅಂತ ಯಾಕೆ ಶುರು ಮಾಡ್ಬೇಕು ಮಿಸ್?” ಎಂದಳು. ಪುಸ್ತಕ ಬದಿಗಿಟ್ಟು ಕಪಿಲೆಯ ಮಾತೆತ್ತಿದೆ. ಕಪಿಲೆಗೆ ಭಾರಿ ಪ್ರವಾಹ ಬಂದರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. ಇವತ್ತು ಅಂಥ ಪ್ರವಾಹ ಬಂದಿದೆ ಎಂದುಕೊಳ್ಳೋಣ. ಹಾಗಾದರೆ ಮಂಟಪ ಮುಳುಗಿರಬೇಕು. ಹೋಗಿ ನೋಡಿದರೆ ಒಣಗಿಕೊಂಡು ನಿಂತಿದೆ. “ಹಂಗಾದ್ರೆ ಪ್ರವಾಹನೇ ಬಂದಿಲ್ಲ” ಎಂದು ಅವಳೇ ಮುಗಿಸಿದಳು. ಆಮೇಲೆ √2ರ ಹೆಜ್ಜೆಗಳನ್ನು ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ನ್ಯಾಯಶಾಸ್ತ್ರದಲ್ಲಿ ಇದಕ್ಕೆ ‘ತರ್ಕ’ ಎಂದೇ ಹೆಸರು. ಬೆಟ್ಟದಲ್ಲಿ ಬೆಂಕಿ ಇಲ್ಲವೆಂದರೆ ಹೊಗೆಯೂ ಇರಬಾರದಿತ್ತು ಎಂಬುದು ಅಲ್ಲಿಯ ಹಳೆಯ ಉದಾಹರಣೆ. ಮೈಸೂರಿನಲ್ಲಿ ಸಂಸ್ಕೃತದ ವಿದ್ಯಾರ್ಥಿ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಅದನ್ನು ಓದುತ್ತಾನೆ, ಗಣಿತದವಳು √2ರಲ್ಲಿ ಮಾಡುತ್ತಾಳೆ, ಕಂಪ್ಯೂಟರ್‌ನವರು ‘ಮತ್ತು’, ‘ಅಥವಾ’, ‘ಅಲ್ಲ’ಗಳ ಕೋಷ್ಟಕ ತುಂಬುತ್ತಾರೆ. ಒಬ್ಬರ ತರಗತಿಗೆ ಇನ್ನೊಬ್ಬರು ಕಾಲಿಡುವುದಿಲ್ಲ. ನಾವೋ, ಪಾಠಯೋಜನೆಯಲ್ಲಿ ‘ಅನುಗಮನ–ನಿಗಮನ ಪದ್ಧತಿ’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ!

ಈ ವಿಭಾಗಗಳು ಸೇರಿ ಪದವಿಯ ಜೊತೆಗೇ ಒಂದು ವರ್ಷದ ತರ್ಕಶಾಸ್ತ್ರ ಸರ್ಟಿಫಿಕೇಟ್ ಕೋರ್ಸ್ ನಡೆಸಬೇಕು ಎನ್ನುವುದು ನನ್ನ ವಾದ. “ಇನ್ನೊಂದು ಸರ್ಟಿಫಿಕೇಟಾ?” ಎಂದು ಗೆಳತಿಯರು ನಗುತ್ತಾರೆ. ಅವರ ಬೇಸರ ನ್ಯಾಯವೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, ಮೊದಲ ವರ್ಷಕ್ಕೇ ಓದು ಬಿಟ್ಟವರಿಗೂ ಸರ್ಟಿಫಿಕೇಟ್ ಎಂದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ. ಆದರೆ ನಾನು ಕೇಳುತ್ತಿರುವುದು ಓದು ಬಿಟ್ಟವರಿಗೆ ಕೊಡುವ ಕಾಗದವನ್ನಲ್ಲ. ಇರುವ ಅಧ್ಯಾಪಕರೇ ಸಾಕು, ವಾರಕ್ಕೆ ಎರಡು ಗಂಟೆ ಸಾಕು, ಪಾಠ ಕನ್ನಡದಲ್ಲಿರಲಿ. ನಂಜನಗೂಡು, ನರಸೀಪುರದ ಪದವಿ ಕಾಲೇಜುಗಳಿಗೂ ಸಿಗಲಿ. ಮೈಸೂರಿನ ಬಸ್ ಹಿಡಿಯಬೇಕೆಂದರೆ ಅರ್ಧ ಜನ ಬರುವುದಿಲ್ಲ.

ಪರೀಕ್ಷೆಯಲ್ಲಿ ಮಾತ್ರ ವ್ಯಾಖ್ಯೆ ಬರೆಸಬಾರದು. ಚೌಕದ ಕರ್ಣಗಳು ಸಮ, ಈ ಚತುರ್ಭುಜದ ಕರ್ಣಗಳೂ ಸಮ, ಆದ್ದರಿಂದ ಇದು ಚೌಕ ಎಂಬಂಥ ವಾದ ಕೊಟ್ಟು, ಎಲ್ಲಿ ಎಡವಿದೆ ಎಂದು ಎಂಟನೆಯ ತರಗತಿಯ ಮಗುವಿಗೆ ತಿಳಿಯುವಂತೆ ಬರೆಯಿರಿ ಎನ್ನಬೇಕು.