ಭದ್ರೆಯೂ ಬರಲಿ, ವೇದಾವತಿಯೂ ಹರಿಯಲಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಸೀಮೆಯ ರೈತರಲ್ಲಿ, ಕೂಲಿಕಾರರಲ್ಲಿ, ಊರವರಲ್ಲಿ ಒಂದು ಮನವಿ

ಬಂಧುಗಳೇ,

ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ, ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಹೋಗಿ ನೋಡಿ ಕಣ್ತುಂಬಿಕೊಂಡಿತು. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ ಮೊದಲು ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಸಲ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ ಕಳೆದಿದ್ದವು. 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಆ ಸಂಭ್ರಮ ನಮ್ಮೆಲ್ಲರದು. ಆದರೆ ಅದಕ್ಕೂ ಕೆಲವೇ ವರ್ಷ ಮೊದಲು ಇದೇ ಜಲಾಶಯ ತಳ ಕಂಡಿತ್ತು. ಹಿರಿಯೂರು, ಹೊಸದುರ್ಗದ ತೆಂಗಿನ ತೋಟಗಳು ನಿಂತಲ್ಲೇ ಒಣಗಿದವು. ಹೊಳಲ್ಕೆರೆಯಲ್ಲಿ ಅಡಿಕೆ ಉಳಿಸಿಕೊಳ್ಳಲು ಸಾಲ ಮಾಡಿ ಟ್ಯಾಂಕರ್ ನೀರು ಹೊಡೆಸಿದರು. ಮಳೆಯೊಂದನ್ನೇ ನಂಬಿ ಕೂತರೆ ಆ ದಿನಗಳು ಮರಳಿ ಬರುತ್ತವೆ.

ನಮ್ಮ ಮಾತು ಇಷ್ಟೆ: ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರಬೇಕು, ಬೇಗ ಬರಬೇಕು. ಅದರ ಜೊತೆಗೆ ವೇದಾವತಿಯ ಸ್ವಂತ ಹಳ್ಳ, ಕೆರೆ, ಮರಳು ಉಳಿಯಬೇಕು. ಇವು ಉಳಿಯದಿದ್ದರೆ ತಂದ ನೀರೂ ನಮ್ಮಲ್ಲಿ ನಿಲ್ಲುವುದಿಲ್ಲ.

ಈ ಹೊಳೆ ಯಾವುದು, ಎಲ್ಲಿಗೆ ಹೋಗುತ್ತದೆ?

ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕಡೂರು ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ ತಾಲ್ಲೂಕನ್ನು ಹಾದು ಮಾರಿಕಣಿವೆಯಲ್ಲಿ ನಿಲ್ಲುವ ಹೊಳೆ, ತೇರುಮಲ್ಲೇಶ್ವರನ ಊರಾದ ಹಿರಿಯೂರನ್ನು ದಾಟಿ, ಕೂಡಲಹಳ್ಳಿಯಲ್ಲಿ ಸುವರ್ಣಮುಖಿಯನ್ನು ಸೇರಿಸಿಕೊಳ್ಳುತ್ತದೆ. ಅಲ್ಲಿಂದ ಚಳ್ಳಕೆರೆ ತಾಲ್ಲೂಕು, ಆಂಧ್ರದ ಭೈರವಾನಿತಿಪ್ಪ ಜಲಾಶಯ. ಬಳ್ಳಾರಿ ಸೀಮೆಯಲ್ಲಿ ಹಗರಿ ಎಂಬ ಹೆಸರಿನಿಂದ ಹರಿದು ತುಂಗಭದ್ರೆಗೆ, ತುಂಗಭದ್ರೆಯ ಮೂಲಕ ಕೃಷ್ಣೆಗೆ.

ಇದನ್ನು ಸಣ್ಣ ಹಳ್ಳವೆಂದು ಯಾರೂ ತಿಳಿಯಬೇಕಿಲ್ಲ. ಕೃಷ್ಣಾ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕಣಿವೆಯನ್ನು 12 ಉಪಕಣಿವೆಗಳಾಗಿ ವಿಂಗಡಿಸಿದಾಗ ವೇದಾವತಿಯನ್ನು ಒಂಬತ್ತನೆಯದಾಗಿ ಬೇರೆಯೇ ಲೆಕ್ಕಕ್ಕೆ ತೆಗೆದುಕೊಂಡಿತು. ಈ ಉಪಕಣಿವೆಯಿಂದ ಕರ್ನಾಟಕ 42 ಟಿಎಂಸಿಗಿಂತ ಹೆಚ್ಚು ಬಳಸಬಾರದೆಂದು ಮಿತಿಯನ್ನೂ ಹಾಕಿತು. ನ್ಯಾಯಮಂಡಳಿಗೆ ಒಂದು ಕಣಿವೆಯಾಗಿ ಕಂಡದ್ದು ನಮ್ಮ ಯೋಜನೆಗಳಲ್ಲಿ ಮಾತ್ರ ತಾಲ್ಲೂಕಿಗೊಂದು, ಇಲಾಖೆಗೊಂದು ತುಂಡಾಗಿದೆ.

ಲೆಕ್ಕ ನಾವೇ ಹಾಕೋಣ

ವಾಣಿ ವಿಲಾಸ ಸಾಗರದ ಸಾಮರ್ಥ್ಯ ಸುಮಾರು 30 ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅದಕ್ಕೆ ಹಂಚಿಕೆಯಾದದ್ದು 2 ಟಿಎಂಸಿ. 5 ಟಿಎಂಸಿ ಬೇಕೆಂದು ಹಿರಿಯೂರಿನ ರೈತರು ಹೋರಾಡಿದರು. ಆ ಬೇಡಿಕೆ ನ್ಯಾಯವಾದದ್ದು, ಅದಕ್ಕೆ ನಮ್ಮ ಬೆಂಬಲವಿದೆ. ಆದರೆ ಐದೂ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಉಳಿದದ್ದು ಎಲ್ಲಿಂದ ಬರಬೇಕು? ಜಲಾಶಯದ ಮೇಲಿನ 5,374 ಚದರ ಕಿಲೋಮೀಟರ್ ಜಲಾನಯನದ ಕೆರೆ, ಹಳ್ಳ, ಕಾವಲುಗಳಿಂದಲೇ ಬರಬೇಕು. ಅಜ್ಜಂಪುರದ ಸುರಂಗ ದಾಟಿ ಬರುವ ಭದ್ರೆಯ ನೀರೂ ಮಾರಿಕಣಿವೆ ಮುಟ್ಟುವುದು ವೇದಾವತಿಯ ಪಾತ್ರದಲ್ಲಿ ಹರಿದೇ. ಪಾತ್ರ ಗುಂಡಿಬಿದ್ದು ಜಾಲಿ ಬೆಳೆದರೆ ಆ ನೀರಿಗೂ ದಾರಿಯಿಲ್ಲ.

ನೀರಿನ ದಾರಿ ತೆರೆದಿರಬೇಕೆಂಬುದು ಚಿತ್ರದುರ್ಗದ ಕೋಟೆ ಕಟ್ಟಿದವರಿಗೆ ತಿಳಿದಿತ್ತು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ನೀರು ಇಳಿಯುವಂತೆ ಅವರು ದಾರಿ ಮಾಡಿದ್ದರು. ಒಂದು ಕಡೆ ದಾರಿ ಮುಚ್ಚಿದರೆ ಕೆಳಗಿನದೆಲ್ಲ ಒಣಗುತ್ತದೆ. ವೇದಾವತಿ ಕಣಿವೆಯೂ ಹಾಗೆಯೇ.

ಮರಳು ಹೋದರೆ ನೀರು ಹೋಯಿತು

ಅಣೆಕಟ್ಟಿನ ಕೆಳಗೆ ಹೊಳೆ ಹರಿಯುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ಮರಳೇ ನೀರನ್ನು ಹಿಡಿದಿಟ್ಟು ದಂಡೆಯ ಬಾವಿಗಳಿಗೆ ಬಿಡುತ್ತಿತ್ತು. ಬೇಸಿಗೆಯಲ್ಲಿ ಮರಳು ಬಗೆದು ಒರತೆಯ ನೀರು ತಂದ ಹೆಣ್ಣುಮಕ್ಕಳು ಈಗಲೂ ನಮ್ಮ ಮನೆಗಳಲ್ಲಿದ್ದಾರೆ. ಕಪಿಲೆ ಹೊಡೆದು ತೋಟ ಮಾಡಿದವರ ಮಕ್ಕಳು ನಾವು. ಮರಳನ್ನು ಜೇಡಿಯವರೆಗೆ ಬಗೆದು ಲಾರಿಗೆ ತುಂಬಿದ ಕಡೆಯಲ್ಲೆಲ್ಲ ಮೊದಲು ಒರತೆ ಬತ್ತಿತು, ಆಮೇಲೆ ಬಾವಿ, ಆಮೇಲೆ ಬೋರು. ಬೋರು ಆಳಕ್ಕಿಳಿದಂತೆ ಫ್ಲೋರೈಡ್ ಮೇಲೆ ಬಂತು. ಅದರ ಗುರುತು ನಮ್ಮ ಮಕ್ಕಳ ಹಲ್ಲಿನಲ್ಲಿ, ಹಿರಿಯರ ಮೂಳೆಯಲ್ಲಿ ಇದೆ.

ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಯಾದರೂ ಪರಿಸರ ಅನುಮತಿಯಿಲ್ಲದೆ ಮರಳು ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕಾನೂನಿದೆ. ಅದನ್ನು ಕೇಳಿ ಜಾರಿ ಮಾಡಿಸಿಕೊಳ್ಳುವ ಊರು ಬೇಕು.

ಸುವರ್ಣಮುಖಿಯನ್ನು ಮರೆಯಬೇಡಿ

ಮಾರಿಕಣಿವೆಯ ಕೆಳಗೆ ವೇದಾವತಿಗೆ ಬಲ ಕೊಡುವ ಶಾಖೆ ಸುವರ್ಣಮುಖಿ. ಬೋರನಕಣಿವೆ, ಗಾಯತ್ರಿ ಜಲಾಶಯಗಳು ಇದರ ಮೇಲೆಯೇ ಇವೆ. ಭದ್ರೆಯ ಚರ್ಚೆಯಲ್ಲಿ ಈ ಹೊಳೆಯ ಹೆಸರೇ ಬರುವುದಿಲ್ಲ. ಮೇಲೆ ಅಣೆಕಟ್ಟಿನ ಬಾಗಿಲು ಮುಚ್ಚಿರುವಾಗ ಚಳ್ಳಕೆರೆ ಕಡೆಯ ದಂಡೆಗೆ ನೀರು ತರಬಲ್ಲದ್ದು ಇದೇ. ಇದರ ಹಳ್ಳಗಳ ಒತ್ತುವರಿ ತೆರವಾಗದೆ ಆ ಊರುಗಳ ಬಾಯಾರಿಕೆ ತೀರದು.

ನಮ್ಮ ನಮ್ಮಲ್ಲೇ ಜಗಳ ಬೇಡ

ಮೇಲಿನವರು ಚೆಕ್‌ಡ್ಯಾಂ ಕಟ್ಟಿ ನೀರು ತಡೆದರು ಎಂದು ಹಿರಿಯೂರಿನವರು ಹೇಳುತ್ತಾರೆ. ಜಲಾಶಯ ತುಂಬಿದಾಗ ಹಿನ್ನೀರಿನಲ್ಲಿ ನಮ್ಮ ಜಮೀನು ಮುಳುಗಿತು ಎಂದು ಹೊಸದುರ್ಗದವರು ಹೇಳುತ್ತಾರೆ. ಇಬ್ಬರ ಸಂಕಟವೂ ನಿಜ. ಚೆಕ್‌ಡ್ಯಾಂ ಎಲ್ಲಿ ಬೇಕು, ಎಷ್ಟು ಎತ್ತರ ಬೇಕು ಎಂಬುದನ್ನು ಇಡೀ ಕಣಿವೆಯ ನೀರಿನ ಲೆಕ್ಕ ನೋಡಿ ತೀರ್ಮಾನಿಸಬೇಕು. ಮುಳುಗಿದವರಿಗೆ ಪರಿಹಾರ ಕೈಸೇರಬೇಕು. ತಾಲ್ಲೂಕಿನ ಗಡಿಯಲ್ಲಿ ನಿಂತು ಜಗಳವಾಡುವಷ್ಟು ದಿನವೂ ಮರಳಿನ ಲಾರಿ ಯಾರ ತಡೆಯೂ ಇಲ್ಲದೆ ಓಡುತ್ತಿರುತ್ತದೆ.

ನಮ್ಮ ಹಕ್ಕೊತ್ತಾಯಗಳು

1. ವೇದಾವತಿ, ಸುವರ್ಣಮುಖಿ ಮತ್ತು ಇವಕ್ಕೆ ಸೇರುವ ಎಲ್ಲ ಹಳ್ಳಗಳ ಸರ್ವೆ ನಡೆದು ಗಡಿಕಲ್ಲು ನೆಡಬೇಕು. ಕೆರೆಗಳ ರಾಜಕಾಲುವೆ ತೆರವಾಗಬೇಕು.
2. ಹೊಳೆಯ ಪಾತ್ರದಲ್ಲಿ ಯಂತ್ರದಿಂದ ಮರಳು ತೆಗೆಯುವುದು ಪೂರ್ತಿ ನಿಲ್ಲಬೇಕು.
3. ಪ್ರತಿ ಬೇಸಿಗೆಯಲ್ಲಿ ಜಲಾಶಯದಿಂದ ಹೊಳೆಗೇ ಒಂದು ಪಾಲು ನೀರು ಬಿಡಬೇಕು. ಆ ಪಾಲು ಮೊದಲೇ ನಿಗದಿಯಾಗಿ ಪ್ರಕಟವಾಗಬೇಕು.
4. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ತಡವಿಲ್ಲದೆ ಬಿಡುಗಡೆಯಾಗಬೇಕು.
5. ಕಡೂರಿನಿಂದ ಚಳ್ಳಕೆರೆವರೆಗೆ ಇಡೀ ಕಣಿವೆಗೆ ಒಂದೇ ನೀರಿನ ಯೋಜನೆ ಇರಬೇಕು. ಅದರಲ್ಲಿ ರೈತರಿಗೂ ಕೂಲಿಕಾರರಿಗೂ ದನಿ ಇರಬೇಕು.

ನೀವು ಮಾಡಬೇಕಾದದ್ದು

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ನಿಮ್ಮ ಊರಿನ ಹಳ್ಳ, ಕೆರೆ, ಗೋಕಟ್ಟೆಗಳ ಪಟ್ಟಿಯನ್ನು ನಿರ್ಣಯದಲ್ಲಿ ಬರೆಸಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಮೊದಲು ಕೆರೆಗೆ ನೀರು ತರುವ ಕಾಲುವೆಗಳ ಹೂಳು ತೆಗೆಸಿ. ದೇವರನ್ನು ಗಂಗಾಪೂಜೆಗೆ ಹೊಳೆಗೆ ಕರೆತರುವ ಗುಡಿಕಟ್ಟುಗಳ ಹಿರಿಯರೇ, ನಿಮ್ಮ ಮಾತನ್ನು ಊರು ಕೇಳುತ್ತದೆ. ಮರಳು ಮಾರಬಾರದೆಂದು ನೀವು ಕಟ್ಟು ಮಾಡಿ.

ಓದಿದವರು ಓದು ಬಾರದವರಿಗೆ ಓದಿ ಹೇಳಿ, ಈ ಹಾಳೆಯನ್ನು ಮುಂದಿನ ಊರಿಗೆ ದಾಟಿಸಿ. ಗ್ರಾಮಸಭೆಯಲ್ಲಿ ಭೇಟಿಯಾಗೋಣ.

ಇಂತಿ,
ವೇದಾವತಿ ಕಣಿವೆಯ ರೈತರು, ಕೂಲಿಕಾರರು ಮತ್ತು ನಾಗರಿಕರು