ಫ್ಲೋರೈಡ್ ಕಲೆಯ ಹಲ್ಲಿಗೆ ಯಾವ ಚಿಕಿತ್ಸೆ?



ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ತಾಲ್ಲೂಕುಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ಹೊಸ ಸಂಗತಿಯಲ್ಲ. ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ರೂಪುಗೊಳ್ಳುವ ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆಗಳೂ ಕಂದು ಪಟ್ಟೆಗಳೂ ಮೂಡುತ್ತವೆ. ಮದುವೆಯೋ ಸಂದರ್ಶನವೋ ಹತ್ತಿರವಾದಾಗ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಇಂಥ ಯುವಜನರಿಗೆ ಬ್ಲೀಚಿಂಗ್ ಮತ್ತು ವಿನಿಯರ್ ಎರಡೇ ದಾರಿಗಳೆಂಬಂತೆ ಜಾಹೀರಾತುಗಳು ಬಿಂಬಿಸುವುದು ಸರಿಯಲ್ಲ.

ಪೆರಾಕ್ಸೈಡ್ ಬಳಸಿ ಹಲ್ಲನ್ನು ಬೆಳ್ಳಗಾಗಿಸುವ ಬ್ಲೀಚಿಂಗ್ ಬಿಳಿ ಮಚ್ಚೆಯನ್ನು ಅಳಿಸದೆ, ಕೆಲವೊಮ್ಮೆ ಅದು ಇನ್ನಷ್ಟು ಎದ್ದು ಕಾಣುವಂತೆಯೂ ಮಾಡಬಲ್ಲದು. ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಪಿಂಗಾಣಿ ಹೊದಿಕೆಯಾದ ವಿನಿಯರ್ ಕಲೆಯನ್ನು ಚೆನ್ನಾಗಿ ಮರೆಮಾಡುತ್ತದೆಯಾದರೂ, ಅದಕ್ಕಾಗಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ಎನಾಮಲ್ ಕೊರೆಯಬೇಕಾಗುತ್ತದೆ. ಕೊರೆದದ್ದು ಮರಳಿ ಬೆಳೆಯುವುದಿಲ್ಲ, ಇಪ್ಪತ್ತರ ಹರೆಯದಲ್ಲಿ ಕೂರಿಸಿದ ಹೊದಿಕೆಯನ್ನು ಮುಂದೆ ಬದಲಿಸುವ ಖರ್ಚೂ ತಪ್ಪುವುದಿಲ್ಲ. ಆಮ್ಲ ಬೆರೆಸಿದ ಉಜ್ಜುಪುಡಿಯಿಂದ ಮೇಲ್ಪದರವನ್ನಷ್ಟೇ ತಿಕ್ಕಿ ಕಂದು ಕಲೆ ತೆಗೆಯುವ ಮೈಕ್ರೊಅಬ್ರೇಷನ್ ವಿಧಾನವು ಹಗುರವಾದ ಕಲೆಗಳಿಗೆ ಬಹುಮಟ್ಟಿಗೆ ಸಾಕಾಗುತ್ತದೆ, ಆದರೆ ಜಾಹೀರಾತು ಫಲಕಗಳಲ್ಲಿ ಅದರ ಹೆಸರು ಕಾಣುವುದು (ಬಹುಶಃ ಲಾಭ ಕಡಿಮೆಯಾದ್ದರಿಂದ) ಅಪರೂಪ. ಫ್ಲೋರೈಡ್ ಪೀಡಿತ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ಈ ಚಿಕಿತ್ಸೆ ದೊರೆಯುವಂತೆ ಆರೋಗ್ಯ ಇಲಾಖೆಯು ವ್ಯವಸ್ಥೆ ಮಾಡಬೇಕು.

— ಓದುಗರೊಬ್ಬರು, ಪಾವಗಡ